ಗ್ರಂಥಾಲಯದ ಕಪಾಟು ಮುಗಿದ ಮೇಲೆ: ದಾವಣಗೆರೆ, ಚಿತ್ರದುರ್ಗ ಸೀಮೆಯ ಊರಿನ ಇತಿಹಾಸಕ್ಕೆ ಯಾವ ಆಕರ ಹಿಡಿಯಬೇಕು?

ತಮ್ಮ ಊರಿನ ಇತಿಹಾಸ ಬರೆಯಬೇಕೆಂದು ಹೊರಟವರು ಮೊದಲು ಹೋಗುವುದು ಊರಿನ ಅಥವಾ ಜಿಲ್ಲೆಯ ಗ್ರಂಥಾಲಯಕ್ಕೆ. ಅದೃಷ್ಟವಿದ್ದರೆ ಅಲ್ಲಿ 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್, ಪಾಳೆಯಗಾರರ ಮೇಲಿನ ಎರಡು ಮೂರು ಪುಸ್ತಕ, ಕೆಲವು ಸ್ಮರಣ ಸಂಚಿಕೆಗಳು ಸಿಗುತ್ತವೆ. ಅಷ್ಟನ್ನೂ ಓದಿ ಮುಗಿಸುವ ಹೊತ್ತಿಗೆ ದುರ್ಗದ ಕೋಟೆಯ ಕಥೆ ಬಾಯಿಪಾಠವಾಗಿರುತ್ತದೆ. ನಿಮ್ಮ ಊರಿನ ಹೆಸರು ಮಾತ್ರ ಎಲ್ಲೋ ಒಂದು ಪಟ್ಟಿಯಲ್ಲಿ ಸುಳಿದು ಮಾಯವಾಗಿರುತ್ತದೆ. ಅಲ್ಲಿಂದ ಮುಂದೆ ಶಾಸನ ಸಂಪುಟ, ಕೈಫಿಯತ್ತು, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಬೆಂಗಳೂರಿನ ಪತ್ರಾಗಾರ, ಅಂತರಜಾಲದ ಭಂಡಾರಗಳು, ಮಠಗಳು, ಮನೆತನಗಳ ವಂಶಾವಳಿ ಬರೆದಿಡುವ ಹೆಳವರು ಎಂದು ದಾರಿಗಳು ಹಲವು. ಎಲ್ಲವನ್ನೂ ಹಿಡಿಯುವಷ್ಟು ಸಮಯವೂ ಹಣವೂ ಯಾರಿಗೂ ಇರುವುದಿಲ್ಲವಾದ್ದರಿಂದ, ಯಾವ ಪ್ರಶ್ನೆಗೆ ಯಾವ ದಾರಿ ಮೊದಲು ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಕೆಲಸ.

ಮೊದಲು ಸರಹದ್ದು

ಆಕರವನ್ನು ಆರಿಸುವುದಕ್ಕೂ ಮುಂಚೆ ತಿಳಿಯಬೇಕಾದ ಒಂದು ವಿಷಯವಿದೆ. ನೀವು ಕೇಳುತ್ತಿರುವ ಕಾಲದಲ್ಲಿ ನಿಮ್ಮ ಊರು ಯಾವ ತಾಲ್ಲೂಕಿಗೆ, ಯಾವ ಸರ್ಕಾರಕ್ಕೆ ಸೇರಿತ್ತು? ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದ್ದರಿಂದ 1997ಕ್ಕಿಂತ ಹಿಂದಿನ ಕಾಗದವನ್ನು ‘ದಾವಣಗೆರೆ ಜಿಲ್ಲೆ’ ಎಂಬ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಇದು ಬರೀ ಹೆಸರಿನ ಮಾತಲ್ಲ. ಜಗಳೂರಿನ ಊರೊಂದರ ಹಳೆಯ ಕಾಗದ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿದ್ದರೆ, ಅಲ್ಲಿಂದ ಕೆಲವೇ ಹರದಾರಿ ದೂರದ ಹರಪನಹಳ್ಳಿಯ ಊರಿನ ಕಾಗದ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಕಲೆಕ್ಟರ ಕಡತಗಳಲ್ಲಿರುತ್ತದೆ, ಅಂದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಕಡೆಗೆ ದಾರಿ ತೋರಿಸುತ್ತದೆ. ಹರಿಹರದಲ್ಲಿ ನಿಂತು ತುಂಗಭದ್ರೆಯ ಆಚೆ ದಡ ನೋಡಿದರೆ ಕಾಣುವ ರಾಣೆಬೆನ್ನೂರು ಸೀಮೆ ಆಗ ಬೊಂಬಾಯಿ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ಗೆಜೆಟಿಯರೂ ಬೇರೆ, ಶಾಸನ ಸಂಪುಟವೂ ಬೇರೆ, ಪತ್ರಾಗಾರವೂ ಬೇರೆ. ಚಿತ್ರದುರ್ಗದ ಹೆಸರು ಕೂಡ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಚಿಟಲ್‌ಡ್ರೂಗ್ ಎಂದೇ ಇದೆ. ಈಗಿನ ಕಾಗುಣಿತ ಹಾಕಿ ಹುಡುಕಿ, ಏನೂ ಇಲ್ಲವೆಂದು ಕೈಬಿಟ್ಟವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ಶಾಸನ ಸಂಪುಟಗಳು: ಮನೆಯಲ್ಲೇ ಕೂತು ಆರಂಭಿಸಬಹುದಾದದ್ದು

ಸಾವಿರದ ಎಂಟುನೂರಕ್ಕಿಂತ ಹಿಂದಿನ ಕಾಲದ ಪ್ರಶ್ನೆಯಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ. ಮೈಸೂರು ಪುರಾತತ್ತ್ವ ಇಲಾಖೆಯಿಂದ ಜಿಲ್ಲಾವಾರು ಹೊರಬಂದ ಈ ಸಂಪುಟಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು. ಚನ್ನಗಿರಿ ಮತ್ತು ಹೊನ್ನಾಳಿಯವರು ನೋಡಬೇಕಾದದ್ದು ಅದನ್ನಲ್ಲ, ಶಿವಮೊಗ್ಗದ ಮೊದಲ ಭಾಗವಾದ ಏಳನೆಯ ಸಂಪುಟವನ್ನು. ಹರಪನಹಳ್ಳಿಯವರಿಗೆ ಎರಡೂ ಅಲ್ಲ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳನ್ನು ಕೊಡುವ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟ ಅವರದು. ಹರಿಹರದ ಶಾಸನಗಳು ಆಗಿನ ವ್ಯವಸ್ಥೆಯಂತೆ ದಾವಣಗೆರೆ ತಾಲ್ಲೂಕಿನ ಕೆಳಗೇ ಇವೆ. ಮೈಸೂರು ವಿಶ್ವವಿದ್ಯಾಲಯ ಆಮೇಲೆ ಹೊರತರತೊಡಗಿದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಕ್ರಮಸಂಖ್ಯೆ ಬೇರೆಯಾಗಿದೆ. ಯಾರಾದರೂ ‘ಏಳನೆಯ ಸಂಪುಟ’ ಎಂದರೆ ಯಾವ ಆವೃತ್ತಿಯದು ಎಂದು ಕೇಳಿಕೊಳ್ಳಿ.

ರೈಸ್ ಸಂಪುಟದ ಅನುಕೂಲವೆಂದರೆ ಒಂದೇ ಶಾಸನ ಮೂರು ರೂಪದಲ್ಲಿ ಸಿಗುತ್ತದೆ: ಕನ್ನಡ ಲಿಪಿಯ ಪಾಠ, ರೋಮನ್ ಅಕ್ಷರದ ಪಾಠ, ಇಂಗ್ಲಿಷ್ ಅನುವಾದ. ತಾಲ್ಲೂಕುವಾರು ಅಂಕೆ ಹಾಕಿರುವುದರಿಂದ ಊರಿನ ಹೆಸರು ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಸಿಗುತ್ತವೆ. ಅಲ್ಲಿನ ಹುಡುಕುವ ಪೆಟ್ಟಿಗೆಯನ್ನು ಮಾತ್ರ ನಂಬಬೇಡಿ. ಹಳೆಯ ಅಚ್ಚಿನ ಕನ್ನಡವನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ಪುಟ ಪುಟ ತಿರುವಿಯೇ ನೋಡಬೇಕು. ಒಂದು ಅರಿವೂ ಇರಲಿ: ಇಂಗ್ಲಿಷ್ ಅನುವಾದದಲ್ಲಿ ಅನೇಕ ಕಡೆ ಶಾಸನದ ಸಾರವಷ್ಟೇ ಇರುವುದರಿಂದ, ಗದ್ದೆಯ ಎಲ್ಲೆ, ಮತ್ತರು, ಕಂಬ ಎಂಬ ಭೂಮಿಯ ಅಳತೆ, ಗದ್ಯಾಣವೆಂಬ ನಾಣ್ಯದ ಲೆಕ್ಕ ಬೇಕಾದವರು ಕನ್ನಡ ಪಾಠಕ್ಕೇ ಹೋಗಬೇಕಾಗುತ್ತದೆ. ರೈಸ್ ಕಾಲದ ನಂತರ ಸಿಕ್ಕಿದ ಶಾಸನಗಳು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ. ಎಚ್. ಕೃಷ್ಣ ಅವರ ಕಾಲದ ಈ ವರದಿಗಳನ್ನು ಬಿಟ್ಟು ಸಂಪುಟವೊಂದನ್ನೇ ನೆಚ್ಚಿದರೆ ‘ನಮ್ಮ ಊರಲ್ಲಿ ಶಾಸನವಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಂಭವ ಹೆಚ್ಚು.

ಕಾಲವನ್ನು ತಾಳೆ ನೋಡುವ ಲೆಕ್ಕವೊಂದನ್ನು ಇಲ್ಲೇ ಹೇಳುವುದು ಒಳ್ಳೆಯದು, ಏಕೆಂದರೆ ಶಾಸನಕ್ಕೂ ಬಖೈರಿಗೂ (ಅರಸುಮನೆತನದ ಹಳೆಯ ವೃತ್ತಾಂತ) ಮನೆಯ ಹಳೆಯ ಕಾಗದಕ್ಕೂ ಅದು ಬೇಕಾಗುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಅದೇ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷ, ಪ್ರಭವದಿಂದ ಎಣಿಸಿದರೆ, ಸಂವತ್ಸರದ ಅಂಕೆ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಅಂದರೆ ಶಕ 1146. ಹನ್ನೆರಡು ಕೂಡಿಸಿದರೆ 1158, ಅರವತ್ತರಿಂದ ಭಾಗಿಸಿದರೆ ಶೇಷ 18, ಹದಿನೆಂಟನೆಯದು ತಾರಣ. ಕಾಗದವೊಂದರಲ್ಲಿ ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆ ಬೀಳದೆ ಒಂದು ವರ್ಷದ ಅಂತರವಿದ್ದರೆ ಗಾಬರಿ ಬೇಡ. ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ ಕಳೆದದ್ದನ್ನು ಎಣಿಸಿದ್ದಾರೋ ಎಂಬ ವ್ಯತ್ಯಾಸ ಅದು. ಇಪ್ಪತ್ತು ವರ್ಷದ ಅಂತರವಿದ್ದರೆ ಮಾತ್ರ ನಕಲು ಮಾಡಿದವನ ಕೈಯನ್ನು ಅನುಮಾನಿಸಬೇಕು.

ಸಂಪುಟದಲ್ಲಿ ಓದಿದ ಕಲ್ಲನ್ನು ಹೋಗಿ ನೋಡಿಬರುವುದು ಖರ್ಚಿಲ್ಲದ ಕೆಲಸ. ದಾವಣಗೆರೆ ತಾಲ್ಲೂಕಿನ ಅಣಜಿಯ ಶಾಸನ ಕದಂಬ ಕೃಷ್ಣವರ್ಮನಿಗೂ ಪಲ್ಲವ ನಣಕ್ಕಾಸನಿಗೂ ನಡೆದ ಕಾಳಗವನ್ನು ಹೇಳುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಇಂಥ ಹೆಸರಾಂತ ಕಲ್ಲುಗಳಿಗೆ ಕಾವಲಿದೆ. ಹನುಮಂತರಾಯನ ಗುಡಿಯ ಕಟ್ಟೆಗೆ ಒರಗಿಸಿ ಸುಣ್ಣ ಬಳಿದ ವೀರಗಲ್ಲಿಗೆ ಯಾರ ಕಾವಲೂ ಇಲ್ಲ. ಅದನ್ನು ಓದಲು ಮಧ್ಯಾಹ್ನ ಹೋಗಬೇಡಿ. ಸಂಜೆ ಬಿಸಿಲು ಓರೆಯಾದಾಗ, ಇಲ್ಲವೇ ಕತ್ತಲಾದ ಮೇಲೆ ಮೊಬೈಲಿನ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದರೆ, ಹಗಲಿನಲ್ಲಿ ಬರೀ ಒರಟು ಬಂಡೆಯಾಗಿದ್ದದ್ದರ ಮೇಲೆ ಅಕ್ಷರದ ಹೊಂಡಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಬರುತ್ತವೆ. ಎಣ್ಣೆ, ಬಣ್ಣ, ತಂತಿ ಬ್ರಷ್ಷು ಯಾವುದನ್ನೂ ಮುಟ್ಟಿಸಕೂಡದು. ಓದಲಾಗದಿದ್ದರೆ ಒಳ್ಳೆಯ ಫೋಟೊ ತೆಗೆದು, ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೋ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ವಿಭಾಗಕ್ಕೋ ಕಳುಹಿಸುವುದು ಸರಿಯಾದ ದಾರಿ.

ಶಾಸನಗಳ ಮಿತಿಯನ್ನೂ ಹೇಳಬೇಕು. ಅವು ದಾನ ಕೊಟ್ಟವರ, ಕಾದಿ ಸತ್ತವರ, ಗುಡಿ ಕಟ್ಟಿಸಿದವರ ಮಾತು. ಊರಿನಲ್ಲಿ ಬರ ಬಿದ್ದಾಗ ಯಾರು ಗುಳೆ ಹೋದರು, ಕೆರೆಯ ನೀರಿಗೆ ಯಾರು ಜಗಳ ಆಡಿದರು ಎಂಬುದಕ್ಕೆ ಉತ್ತರ ಬೇಕಾದರೆ ಬೇರೆ ಕಡೆ ಹೋಗಬೇಕು.

ಕೈಫಿಯತ್ತು, ಬಖೈರು, ಪ್ರವಾಸಿಯ ಟಿಪ್ಪಣಿ

ಪಾಳೆಯಗಾರರ ಕಾಲಕ್ಕೆ ಶಾಸನಕ್ಕಿಂತ ಹೆಚ್ಚು ಮಾತಾಡುವುದು ಈ ಮೂರು. ಕರ್ನಲ್ ಕಾಲಿನ್ ಮೆಕೆಂಜಿ 1799ರ ಬಳಿಕ ಮೈಸೂರು ಸೀಮೆಯ ಸರ್ವೆ ನಡೆಸುತ್ತಿದ್ದಾಗ ಅವನ ಸಹಾಯಕರು ಊರಿನ ಶಾನುಭೋಗರು ಮತ್ತು ಹಿರಿಯರಿಂದ ಬರೆಸಿಕೊಂಡ ಸ್ಥಳವೃತ್ತಾಂತಗಳೇ ಕೈಫಿಯತ್ತುಗಳು. ಮೂಲ ಪ್ರತಿಗಳು ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಹಂಚಿಹೋಗಿವೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕೈಫಿಯತ್ತುಗಳ ಸಂಪುಟವನ್ನು ನೋಡಿದರೆ ಸಾಮಾನ್ಯ ಓದುಗನಿಗೆ ಬೇಕಾದದ್ದು ಬಹುಪಾಲು ಸಿಕ್ಕಿಬಿಡುತ್ತದೆ. ಚಿತ್ರದುರ್ಗದ ಬಖೈರುಗಳ ವಿಷಯದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರ ಸಂಗ್ರಹ ಮತ್ತು ಸಂಪಾದನೆಯ ಕೆಲಸ ಇಂದಿಗೂ ಆಧಾರ.

ಕೈಫಿಯತ್ತು ಮತ್ತು ಬಖೈರುಗಳ ವಂಶಾವಳಿಯನ್ನು ನಂಬಬಹುದು, ಯುದ್ಧದಲ್ಲಿ ಬಿದ್ದ ತಲೆಗಳ ಲೆಕ್ಕವನ್ನು ನಂಬಬಾರದು ಎಂಬುದು ನನ್ನ ಅಳತೆ. ಹೊಸ ಸರ್ಕಾರದ ಅಧಿಕಾರಿ ಎದುರಿಗೆ ಕುಳಿತು ಬರೆದುಕೊಳ್ಳುತ್ತಿದ್ದಾಗ ಇನಾಂ (ದಾನವಾಗಿ ಬಂದ ಭೂಮಿ) ಉಳಿಸಿಕೊಳ್ಳಬೇಕಾದ ಮನೆಯವರು ಹೇಳಿದ ಮಾತು ಅದು ಎಂಬುದನ್ನು ಓದುವಾಗ ಮರೆಯಕೂಡದು. ಅದಕ್ಕೆ ಪಕ್ಕದಲ್ಲಿಟ್ಟು ನೋಡಲು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಇದ್ದಾನೆ. 1801ರಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರುಗಳ ಮೇಲೆ ಹಾದುಹೋದ ಈತನಿಗೆ ರಾಜರ ಕಥೆಯಲ್ಲಿ ಆಸಕ್ತಿ ಕಡಿಮೆ. ಯಾವ ಬೆಳೆ, ಎಷ್ಟು ಬೀಜ, ದಾವಣಗೆರೆಯ ಕಂಬಳಿ ಹೇಗೆ ನೇಯುತ್ತಾರೆ ಎಂಬಂಥ ಪ್ರಶ್ನೆಗಳೇ ಹೆಚ್ಚು. ಅವನ ಮೂರು ಸಂಪುಟಗಳ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು, ಅದೂ ಅಂತರಜಾಲದಲ್ಲಿ ಪುಕ್ಕಟೆ. ಬೇಸಾಯ, ನೇಯ್ಗೆ, ವ್ಯಾಪಾರದ ಇತಿಹಾಸ ಬರೆಯುವವರು ಕೈಫಿಯತ್ತಿಗಿಂತ ಮುಂಚೆ ಬುಕಾನನ್‌ನನ್ನು ಓದಬೇಕು.

ಕಚೇರಿಯ ಕಾಗದ: ತಾಲ್ಲೂಕೋ ಬೆಂಗಳೂರೋ

ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಪೈಪೋಟಿ ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೂ ರಾಜ್ಯ ಪತ್ರಾಗಾರಕ್ಕೂ ನಡುವೆ. ಬೆಂಗಳೂರು ಎಂದ ಕೂಡಲೇ ದೊಡ್ಡದೇನೋ ಸಿಗುತ್ತದೆಂದು ಬಸ್ಸು ಹತ್ತುವವರೇ ಹೆಚ್ಚು. ನನ್ನ ಸಲಹೆ ತಿರುಗುಮುರುಗು.

ಭೂಮಿ, ಕೆರೆ, ದೇವಸ್ಥಾನದ ಮಾನ್ಯ, ಊರಿನ ಗಡಿ ಇವುಗಳ ಪ್ರಶ್ನೆಯಾದರೆ ತಾಲ್ಲೂಕೇ ಮೊದಲು. ಅಲ್ಲಿ ಕೇಳುವ ರೀತಿಯನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಒಂದು ಕಚೇರಿಗೆ ಹೋಗಿ ‘ನಮ್ಮ ಊರಿನ ಇತಿಹಾಸದ ಕಾಗದ ಬೇಕು’ ಎಂದಾಗ, ಗುಮಾಸ್ತರು ತಲೆಯೆತ್ತದೆ ‘ಇತಿಹಾಸ ಇಲ್ಲಿ ಇಲ್ಲ ಸಾರ್, ಪಹಣಿ ಇದೆ’ ಎಂದರು. ಎರಡು ಸಲ ಹಾಗೆಯೇ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರು ಬರೆದು, ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಬರಹ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಇನಾಂ ರಿಜಿಸ್ಟರಿನ ದೃಢೀಕೃತ ನಕಲು ಬೇಕೆಂದು ಅರ್ಜಿ ಕೊಟ್ಟಾಗ ಅದೇ ಗುಮಾಸ್ತರು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಧೂಳು ಕೊಡವಿ, ರಿಜಿಸ್ಟರನ್ನು ಮೇಜಿನ ಮೇಲಿಟ್ಟರು. ಕಾಗದಕ್ಕೆ ಅದರ ಹೆಸರು ಹಿಡಿದು ಕರೆದರೆ ಮಾತ್ರ ಅದು ಬರುತ್ತದೆ. ಅರ್ಜಿಗೆ ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳುವ ದಾರಿ ಇದ್ದೇ ಇದೆ. ಅಲ್ಲಿಯೂ ದಾಖಲೆಯ ಹೆಸರನ್ನೇ ಬರೆಯಬೇಕು.

ಇನಾಂ ಕಾಗದಗಳನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1954 ಮತ್ತು 1955ರ ಇನಾಂ ರದ್ದಿಯಾತಿ ಕಾನೂನುಗಳು ಜಾರಿಯಾದಾಗ ಜೋಡಿದಾರರು (ಕಡಿಮೆ ಕಂದಾಯದ ಇನಾಂ ಹಿಡುವಳಿದಾರರು), ದೇವಸ್ಥಾನದವರು, ಮಠದವರು ತಮ್ಮ ಹಕ್ಕು ಸಾಬೀತು ಮಾಡಲು ಮನೆಯಲ್ಲಿದ್ದ ಸನದು (ದಾನಪತ್ರ), ತಾಮ್ರಪಟಗಳ ನಕಲುಗಳನ್ನೆಲ್ಲ ತಂದು ಹಾಜರುಪಡಿಸಿದರು. ಮೂಲ ಕಳೆದುಹೋಗಿದ್ದರೂ ನಕಲು ಕಡತದಲ್ಲಿ ಉಳಿದಿರುವುದುಂಟು. ಗ್ರಾಮ ನಕಾಶೆಯಂತೂ ಈಗ ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಅದನ್ನು ಅಚ್ಚು ತೆಗೆಸಿ ಗೋಡೆಗೆ ಅಂಟಿಸಿಕೊಳ್ಳಿ. ಹಳೆಯ ಬಂಡಿದಾರಿ, ಹಳ್ಳ, ಕಟ್ಟೆ, ಗುಂಡುತೋಪು ಎಲ್ಲವೂ ಅದರಲ್ಲಿವೆ. ‘ಬೇಚರಾಕ್’ ಎಂದು ಬರೆದಿರುವ ಗ್ರಾಮಗಳನ್ನು ವಿಶೇಷವಾಗಿ ಗಮನಿಸಿ. ದೀಪವಿಲ್ಲದ್ದು ಎಂಬ ಅರ್ಥದ ಪಾರಸಿ ಮಾತು ಅದು. ಜನ ಬಿಟ್ಟುಹೋದರೂ ಕಂದಾಯದ ಲೆಕ್ಕದಲ್ಲಿ ಹೆಸರು ಉಳಿಸಿಕೊಂಡ ಊರು.

ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾದದ್ದು ಸರ್ಕಾರ ಏನು ಯೋಚಿಸಿತು ಎಂಬ ಪ್ರಶ್ನೆಗೆ. 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ, ರೈಲುದಾರಿಗಳು, ಪ್ಲೇಗು, ಬರಪರಿಹಾರ, ಶಾಲೆಗಳು ಇಂಥವು ಸಂಸ್ಥಾನದ ಕಡತಗಳಲ್ಲಿರುತ್ತವೆ. 1831ರಿಂದ 1881ರವರೆಗೆ ಮೈಸೂರು ಕಮಿಷನರ ಆಡಳಿತದಲ್ಲಿದ್ದುದರಿಂದ ಆ ಕಾಲದ ಒಂದಷ್ಟು ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದನ್ನು ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಹೊನ್ನಾಳಿಯವರು 1830-31ರ ನಗರ (ಹಳೆಯ ಬಿದನೂರು) ಸೀಮೆಯ ರೈತದಂಗೆಯ ಬಗ್ಗೆ ಹುಡುಕುವುದಾದರೆ ನಗರ ಫೌಜುದಾರಿ ಎಂಬ ಹೆಸರಿನಿಂದ ಆರಂಭಿಸಬೇಕು. ಪತ್ರಾಗಾರಕ್ಕೆ ಗುರುತಿನ ಚೀಟಿ, ಅರ್ಜಿ, ಪೆನ್ಸಿಲ್ಲು ಒಯ್ಯಿರಿ, ಕಡೇಪಕ್ಷ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಸೂಚಿ ನೋಡುವುದರಲ್ಲೇ ಹೋಗುತ್ತದೆ.

ಈ ಎರಡರ ನಡುವೆ ಎಲ್ಲರೂ ಮರೆಯುವ ಆಕರವೊಂದಿದೆ: ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಈ ಸಭೆಗೆ ತಾಲ್ಲೂಕುಗಳಿಂದ ಹೋದ ಪ್ರತಿನಿಧಿಗಳು ರಸ್ತೆ, ಕೆರೆ, ಕಂದಾಯಗಳ ಅಹವಾಲುಗಳನ್ನು ಮಂಡಿಸುತ್ತಿದ್ದರು, ಅದಕ್ಕೆ ಸರ್ಕಾರದ ಉತ್ತರವೂ ಅಚ್ಚಾಗುತ್ತಿತ್ತು. ಅಧಿಕಾರಿಯ ಕಡತದಲ್ಲಿ ಕೇಳದ ಊರಿನ ದನಿ ಅಲ್ಲಿ ಕೇಳುತ್ತದೆ. ಜನಸಂಖ್ಯೆಯ ಲೆಕ್ಕಕ್ಕೆ ಜಿಲ್ಲಾ ಜನಗಣತಿ ಕೈಪಿಡಿಗಳು ಸಾಕು. 1951ರಿಂದ ಈಚಿನವು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಇವೆ.

ಪಿಎಚ್.ಡಿ. ಪ್ರಬಂಧಗಳ ಬಗ್ಗೆ ಎರಡೇ ಮಾತು. ಶೋಧಗಂಗಾ ಜಾಲತಾಣದಲ್ಲಿ ತಾಲ್ಲೂಕಿನ ಹೆಸರು ಹಾಕಿದರೆ ಕನ್ನಡ ಪ್ರಬಂಧಗಳೂ ಬರುತ್ತವೆ. ಬರಹಕ್ಕಿಂತ ಅವುಗಳ ಕೊನೆಯ ಆಕರಪಟ್ಟಿಯೇ ನಿಮಗೆ ಹೆಚ್ಚು ಬೆಲೆಬಾಳುತ್ತದೆ. ಅಲ್ಲಿಂದ ಹಿಂದಕ್ಕೆ ನಡೆದರೆ ಆರು ತಿಂಗಳ ಅಲೆದಾಟ ಉಳಿಯುತ್ತದೆ.

ಮಠ, ಮನೆ, ಹೆಳವ

ಖಾಸಗಿ ಕೈಯಲ್ಲಿರುವ ಆಕರಗಳು ಎಲ್ಲಕ್ಕಿಂತ ಶ್ರೀಮಂತ, ಎಲ್ಲಕ್ಕಿಂತ ಅನಿಶ್ಚಿತ. ಹಳೆಯ ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳ ಜೊತೆಗೆ ನಿಜವಾದ ಅರ್ಥದ ‘ಕಡತ’ಗಳೂ ಇರುತ್ತವೆ: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದವು. ಒದ್ದೆಬಟ್ಟೆ ಸೋಕಿದರೆ ಅಳಿಸಿಹೋಗುತ್ತವೆ. ಕೇಳಿದ ಮೊದಲ ದಿನವೇ ಯಾರೂ ತೋರಿಸುವುದಿಲ್ಲ. ಹಬ್ಬಕ್ಕೋ ಜಾತ್ರೆಗೋ ಒಮ್ಮೆ ಹೋಗಿ, ಪರಿಚಯದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಫೋಟೊ ತೆಗೆಯಬಹುದೇ ಎಂದು ಎರಡನೆಯ ಭೇಟಿಯಲ್ಲಿ ಕೇಳುವುದು ವಾಡಿಕೆ. ಕಾಗದವನ್ನು ಮನೆಗೆ ಒಯ್ಯುತ್ತೇನೆಂದು ಎಂದೂ ಕೇಳಬೇಡಿ.

ದನಕುರಿ ಸಾಕುವ ಸಮುದಾಯಗಳಾದ ಮ್ಯಾಸಬೇಡರ, ಕಾಡುಗೊಲ್ಲರ ಇತಿಹಾಸ ಬೇಕಾದವರಿಗೆ ಕಾಗದದ ಆಕರಗಳು ಹೆಚ್ಚು ನೆರವಾಗುವುದಿಲ್ಲ. ಜುಂಜಪ್ಪನ ಕಾವ್ಯ, ಗಾದ್ರಿಪಾಲನಾಯಕನ ಕಥೆ, ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರ ಬಾಯಲ್ಲಿ ಉಳಿದ ಹಾಡುಗಳು ಅವರ ಪತ್ರಾಗಾರ. ಇವುಗಳಲ್ಲಿ ಇಸವಿ ಹುಡುಕಬಾರದು, ದಾರಿ ಹುಡುಕಬೇಕು: ಯಾವ ಹಳ್ಳದಿಂದ ಯಾವ ಹಟ್ಟಿಗೆ ದನ ಹೊಡೆದುಕೊಂಡು ಬಂದರು, ಯಾವ ಕಟ್ಟೆಮನೆಗೆ (ಕುಲದ ಕೂಟಕ್ಕೆ) ಯಾರು ಸೇರಿದರು ಎಂಬುದು.

ಕುಟುಂಬದ ಪ್ರಶ್ನೆಗಾದರೆ ಹೆಳವರಿಗೆ ಸಾಟಿಯಿಲ್ಲ. ಸುಗ್ಗಿಯಾದ ಮೇಲೆ ಕೆಲವು ವರ್ಷಗಳಿಗೊಮ್ಮೆ ಬಂದು, ಪಡಸಾಲೆಯಲ್ಲಿ ಕುಳಿತು ವಂಶಾವಳಿ ಓದಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ದವಸವನ್ನೋ ದುಡ್ಡನ್ನೋ ಪಡೆದು ಹೋಗುವ ಈ ಜನರ ಪುಸ್ತಕದಲ್ಲಿ ಬೇರಾವ ಕಚೇರಿಯಲ್ಲೂ ಇಲ್ಲದ ಹೆಸರುಗಳಿರುತ್ತವೆ. ಅವರು ಬರುವವರೆಗೆ ಕಾಯಬೇಕಾಗಿದ್ದ ಕಾಲ ಹೋಯಿತು, ಈಗ ಫೋನ್ ನಂಬರು ಇಸಿದುಕೊಳ್ಳಬಹುದು. ಓದುವಾಗ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ. ಹೆಸರುಗಳಿಗಿಂತ ಮುಖ್ಯವಾಗಿ ‘ಮೂಲ ಊರು ಯಾವುದು, ಏಕೆ ಬಿಟ್ಟರು’ ಎಂಬುದನ್ನು ಬಿಡಿಸಿ ಕೇಳಿ.

ನಮ್ಮ ಮನೆಗೆ ಬಂದ ಹೆಳವಪ್ಪ ಮೂರು ವರ್ಷದ ಹಿಂದೆ ಹಾಗೆ ಓದುತ್ತ ನಾವು ಯಾರೂ ಕೇಳಿರದ ಊರೊಂದರ ಹೆಸರು ಹೇಳಿದ. ತಂದೆಯವರು ‘ಅಂಥ ಊರು ಈ ಸೀಮೆಯಲ್ಲೇ ಇಲ್ಲ’ ಎಂದರು. ‘ನೀವು ಇಲ್ಲ ಅಂದ್ರೆ ಇರಲ್ವಾ ಯಜಮಾನ್ರೇ, ನಮ್ಮಜ್ಜ ಬರೆದಾನೆ’ ಎಂದು ಅವನು ಬೆರಳಿಟ್ಟು ತೋರಿಸಿದ. ಗೋಡೆಯ ಮೇಲಿದ್ದ ದಾವಣಗೆರೆ ತಾಲ್ಲೂಕಿನ ನಕಾಶೆಗಳಲ್ಲಿ ಅದು ಇರಲಿಲ್ಲ. ತಾಲ್ಲೂಕಿನ ಗೆರೆಯಾಚೆ, ಚನ್ನಗಿರಿಯ ಕಡೆಯ ಗ್ರಾಮಗಳ ನಕಾಶೆಗಳನ್ನು ಒಂದೊಂದಾಗಿ ತೆರೆದಾಗ ಒಂದರಲ್ಲಿ ಅದೇ ಹೆಸರು, ಪಕ್ಕದಲ್ಲಿ ಬೇಚರಾಕ್ ಎಂಬ ಮಾತು, ಒಂದು ಕೆರೆಯ ಗುರುತು ಕಂಡವು. ಅಷ್ಟು ದಿನ ನಾನು ತಿರುವುತ್ತಿದ್ದದ್ದು ಹನ್ನೊಂದನೆಯ ಸಂಪುಟವನ್ನು. ಅಂದು ರಾತ್ರಿ ಏಳನೆಯದನ್ನು ಇಳಿಸಿಕೊಂಡು ಚನ್ನಗಿರಿ ತಾಲ್ಲೂಕಿನ ಮೊದಲ ಪುಟದಿಂದ ಓದತೊಡಗಿದೆ.